ಪಿಸುದನಿಯ ಸಂಧಾನ

ಗುಬ್ಬಿಯ ಕೊಬ್ಬರಿಪುಡಿ ಫ್ಯಾಕ್ಟರಿಯ ಯೂನಿಯನ್ ಮುಖಂಡೆ ಮಂಜುಳಮ್ಮನ ಗಂಟಲು ಎಂಥದ್ದೆಂದರೆ, ಗೇಟಿನಲ್ಲಿ ಕೂಗಿದರೆ ಒಳಗೆ ಮಷೀನು ಓಡಿಸುವವರಿಗೂ ಕೇಳಬೇಕು. ಆ ಗಂಟಲನ್ನು ನಂಬಿಕೊಂಡೇ ಅವಳು ಅವತ್ತು ತುಮಕೂರಿನ ಕಾರ್ಮಿಕ ಇಲಾಖೆಯ ಮೆಟ್ಟಿಲು ಹತ್ತಿದ್ದು. ಜೊತೆಗೆ ಅದೇ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಹುಡುಗಿ ಕಾವ್ಯ, ಅವಳ ಸೊಂಟದಲ್ಲಿ ಮಗ ಚೈತನ್ಯ. ಮಗು ನೋಡಿಕೊಳ್ಳಲು ಮನೆಯಲ್ಲಿ ಯಾರೂ ದಿಕ್ಕಿಲ್ಲ. ಫ್ಯಾಕ್ಟರಿಯಲ್ಲೇ ಮಕ್ಕಳಿಗೊಂದು ಕೋಣೆ, ಒಬ್ಬ ಆಯಾ ಆಗದಿದ್ದರೆ, ರಜೆ ಮುಗಿಯುವ ಸೋಮವಾರಕ್ಕೆ ಕಾವ್ಯಳ ಕೆಲಸ ಹೋದಂತೆಯೇ.

ಹಿಂದಿನ ಸಭೆಗಳೆಲ್ಲ ಹಾಳಾಗಿದ್ದವು. ಮಂಜುಳಮ್ಮ ಕೂಗುವುದು, ಮಾಲೀಕ ಷಡಕ್ಷರಿ ಪಂಚೆ ಕೊಡವಿಕೊಂಡು ಎದ್ದು ಹೋಗುವುದು, ಕಾರ್ಮಿಕ ಅಧಿಕಾರಿ ತೇಜಸ್ವಿನಿ ಮೇಡಂ ಮೇಲಿನವರನ್ನು ಕೇಳಬೇಕು ಅನ್ನುವುದು. ಮೂವರಿಗೂ ಅದು ಬಾಯಿಪಾಠವಾಗಿತ್ತು.

ಅವತ್ತೂ ಷಡಕ್ಷರಿ, ಮೊದಲೇ ವ್ಯಾಪಾರವಿಲ್ಲ, ನೀರಿಳಿಯದ ಗಂಟಲಿಗೆ ಕಡುಬು ತುರುಕಬೇಡಿ ಎಂದೇ ಶುರು ಮಾಡಿದರು. ಅಷ್ಟರಲ್ಲಿ ಚೈತನ್ಯ ತಪ್ಪುಹೆಜ್ಜೆ ಹಾಕುತ್ತಾ ಹೋಗಿ ಅವರ ಮೊಣಕಾಲು ಹಿಡಿದು ನಿಂತ. ಮೊಮ್ಮಕ್ಕಳನ್ನು ಎತ್ತಾಡಿಸಿದ ಕೈ, ಮಾತು ನಿಲ್ಲಿಸದೆಯೇ ಮಗುವನ್ನು ತೊಡೆಗೆ ಎಳೆದುಕೊಂಡಿತು, ಬೆನ್ನು ತಟ್ಟಿತು. ಬಸ್ಸಿನಲ್ಲಿ ಬಂದು ಸುಸ್ತಾಗಿದ್ದ ಮಗು ಅವರ ಎದೆಗೊರಗಿ ನಿದ್ದೆಹೋಯಿತು.

ಮಂಜುಳಮ್ಮ ಮೇಜು ಕುಟ್ಟಲು ಕೈಯೆತ್ತಿದಳು.

"ಶ್... ಮಲಗವ್ನೆ ಕಣಮ್ಮ," ಅಂದರು ಷಡಕ್ಷರಿ.

ಅಯ್ಯೋ ಶಿವನೇ, ಇದೆಂಥ ಪಜೀತಿ! ಮಲಗಿದ ಕೂಸನ್ನು ಎಬ್ಬಿಸುವ ಪಾಪ ಯಾರು ಕಟ್ಟಿಕೊಳ್ಳುತ್ತಾರೆ? ಮಂಜುಳಮ್ಮ ಕೂಗುವಂತಿಲ್ಲ, ಷಡಕ್ಷರಿ ಏಳುವಂತಿಲ್ಲ. ಮೇಡಂ ಫೋನನ್ನು ಸೈಲೆಂಟಿಗೆ ಹಾಕಿ ಕುರ್ಚಿ ಹತ್ತಿರ ಎಳೆದುಕೊಂಡರು. ಮೂವರೂ ತಲೆಗೆ ತಲೆ ಕೊಟ್ಟು ಪಿಸುಗುಟ್ಟಬೇಕಾಯಿತು. ಪಿಸುಗುಟ್ಟುತ್ತಾ ಜಗಳವಾಡಿ ನೋಡಿ, ಆಗುವುದೇ ಇಲ್ಲ.

ಆಫೀಸಿನ ಪಕ್ಕದ ಕೋಣೆ ಖಾಲಿಯಿದೆ, ಆಯಾಗೆ ಸಂಬಳ ಕೊಡುವುದೇ ಕಷ್ಟ ಎಂದು ಷಡಕ್ಷರಿ ಮೊದಲ ಸಲ ಬಾಯಿಬಿಟ್ಟರು. ಆಯಾಳನ್ನು ಸರ್ಕಾರದಿಂದಲೇ ಕೊಡಿಸುತ್ತೇನೆ, ಅದು ನನ್ನ ಜವಾಬ್ದಾರಿ ಎಂದರು ಮೇಡಂ. ಈಗ ಇಬ್ಬರ ಕಣ್ಣೂ ಮಂಜುಳಮ್ಮನ ಮೇಲೆ. ಎರಡೂ ಪಾಳಿಗೆ ಬೇಕೇ ಬೇಕೆಂದು ಹಟ ಹಿಡಿದಿದ್ದವಳು ಅವಳೇ ತಾನೇ! ಅವಳು ಕಾವ್ಯಳ ಬಾಡಿದ ಮುಖವನ್ನೊಮ್ಮೆ ನೋಡಿದಳು. ಸದ್ಯಕ್ಕೆ ಹಗಲು ಪಾಳಿಗಾದರೂ ಆಗಲಿ, ಸುಣ್ಣ ಬಳಿದು ಕೋಣೆ ಒಪ್ಪ ಮಾಡುವುದು ನಮ್ಮ ಹೆಂಗಸರ ಕೆಲಸ ಎಂದು ಒಪ್ಪಿಕೊಂಡಳು.

ಮೇಡಂ ಒಪ್ಪಂದ ಬರೆದು ಕಾಗದ ಹಿಡಿದುಕೊಂಡರು, ಷಡಕ್ಷರಿ ಮಗು ಅಲುಗದ ಹಾಗೆ ಬಗ್ಗಿ ಸಹಿ ಹಾಕಿದರು.

ಕಾವ್ಯ ಹತ್ತಿರ ಬಂದಳು. "ಸೋಮವಾರ ನಾನು..." ಎನ್ನುತ್ತಾ ಮಗುವಿಗೆ ಕೈ ಚಾಚಿದಳು.

"ಬಾಮ್ಮ," ಅಂದರು ಷಡಕ್ಷರಿ ಮೆಲ್ಲಗೆ. "ಇವ್ನನ್ನೂ ಕರ್ಕೊಂಡ್ ಬಾ."

ಮಂಜುಳಮ್ಮನಿಗೆ ಅಳುವೂ ನಗುವೂ ಒಟ್ಟಿಗೇ ಬಂತು. ಸೆರಗನ್ನು ಬಾಯಿಗೆ ಒತ್ತಿಕೊಂಡಳು.