ಎಡಗಾಲು ಬೇರೆ, ಬಲಗಾಲು ಬೇರೆ

ಅಂಚೆ ಹಂಚುವ ಹೆಂಗಸು ಬಲಗಾಲಿನ ಹೊಸ ಬೂಟನ್ನು ಕಳಚಿ ಮೇಜಿನ ಮೇಲೆ ಕುಕ್ಕಿದಳು. ಅವಳ ಹಿಮ್ಮಡಿ ಸುಲಿದು ಕೆಂಪಾಗಿತ್ತು.

"ನೀವೂ ಎಲ್ಲರ ಹಾಗೇ ಆಗ್ಬಿಟ್ರಾ, ಅಕ್ಕ?"

ಬೇರೆ ಯಾರಾದರೂ ಈ ಮಾತು ಅಂದಿದ್ದರೆ ಬೂಟಂಗಡಿಯ ಒಡತಿ ಬೀದಿಗೆಲ್ಲ ಕೇಳುವ ಹಾಗೆ ಜಾಡಿಸುತ್ತಿದ್ದಳು. ಬೆನ್ನ ಹಿಂದೆ ಜನ ಅವಳನ್ನು ಕೆಂಡದಕ್ಕ ಎನ್ನುತ್ತಿದ್ದುದು ಸುಮ್ಮನೆ ಅಲ್ಲ. ಅವತ್ತು ಮಾತ್ರ ಅವಳು ಆ ಬೂಟನ್ನು ಕೈಗೆತ್ತಿಕೊಂಡು ಅಳೆದು ನೋಡಿದಳು.

ಈ ಅಂಗಡಿಯಲ್ಲಿ ಅಪ್ಪನ ಕಾಲದಿಂದಲೂ ಎರಡೂ ಕಾಲನ್ನು ಬೇರೆ ಬೇರೆಯಾಗಿ ಅಳೆಯುತ್ತಿದ್ದರು. ಕುಂಟುವವರು, ಒಂದು ಪಾದ ಊದಿದವರು, ಬೆರಳು ಕಳೆದುಕೊಂಡವರು ಬೇರೆಲ್ಲೂ ಸರಿಯಾದ ಜೋಡು ಸಿಗದೆ ಇಲ್ಲಿಗೆ ಬರುತ್ತಿದ್ದರು. ಅಂಚೆಯವಳ ಬಲಪಾದ ಎಡಕ್ಕಿಂತ ಒಂದು ಹೆಬ್ಬೆರಳಿನ ಅಗಲದಷ್ಟು ಉದ್ದ. ಅಕ್ಕನೇ ಕೂತು ಅಳೆದಿದ್ದಳು. ಆದರೂ ಎರಡು ಬೂಟೂ ಒಂದೇ ಅಳತೆಯಲ್ಲಿ ತಯಾರಾಗಿದ್ದವು.

"ಚೀಟೀಲಿ ಇದ್ದ ಹಾಗೆ ಕತ್ತರಿಸ್ದೆ" ಎಂದ ಚರ್ಮ ಕತ್ತರಿಸುವವನು.

ಅಳತೆಯ ಚೀಟಿ ಬಂದಿದ್ದು ಕಂಪ್ಯೂಟರಿನಿಂದ. ಕೈಬರಹದ ಚೀಟಿಗಳು ಅದಲುಬದಲಾಗುತ್ತವೆ ಎಂದು ಗಲ್ಲಾ ನೋಡಿಕೊಳ್ಳುವ ಅಕ್ಕನ ತಮ್ಮ ಒಂದು ಕಂಪನಿಯ ಸಾಫ್ಟ್‌ವೇರ್ ತರಿಸಿದ್ದ. ತಿಂಗಳ ಮಟ್ಟಿಗೆ ಹಾಕಿ ನೋಡುವುದು, ಹಿಡಿಸಿದರೆ ಕೊಳ್ಳುವುದು ಎಂದು ಮಾತಾಗಿತ್ತು. ಅದನ್ನು ಪಕ್ಕಾ ಮಾಡಿಕೊಳ್ಳಲು ಕಂಪನಿಯವನು ಮಧ್ಯಾಹ್ನ ಬಂದ. ಅಕ್ಕ ಅವನ ಮುಂದೆ ಬೂಟು ಹಿಡಿದಳು.

"ಅಮ್ಮಾ, ನಮ್ಮದರಲ್ಲಿ ಜೋಡಿಗೆ ಒಂದೇ ಸೈಜು" ಎಂದ ಅವನು. "ಕಂಪನಿಗೆ ಬರೀತೀನಿ. ತುಂಬಾ ಅಂಗಡಿಯವರು ಕೇಳಿದ್ರೆ ಮುಂದೆ ಸೇರಿಸಬಹುದು."

"ನಿಮ್ಮ ಕಂಪನಿ ಯಜಮಾನರ ಎರಡು ಕಾಲೂ ಒಂದೇ ಅಚ್ಚಲ್ಲಿ ಹುಯ್ದಿದಾರಾ?"

ಅವನು ನಕ್ಕುಬಿಟ್ಟ. "ಅದರ ಒಳಗಿರೋದನ್ನ ನಾನು ಮುಟ್ಟೋ ಹಾಗಿಲ್ಲಮ್ಮ. ಕೆಟ್ರೆ ಮಾತ್ರ ಒಂದು ಫೋನ್ ಮಾಡಿ, ಸಂಜೆಯೊಳಗೆ ಬಂದಿರ್ತೀನಿ."

ಅದು ಸುಳ್ಳಲ್ಲ. ಕರೆದಾಗಲೆಲ್ಲ ಬಂದಿದ್ದ.

ಅವನು ಹೋದ ಮೇಲೆ ಅಂಗಡಿಯ ಕಂಪ್ಯೂಟರ್ ನೋಡಿಕೊಳ್ಳುವ ಅಕ್ಕನ ಸೊಸೆ ಮೆಲ್ಲಗೆ ಬಾಯಿ ತೆರೆದಳು. "ಅತ್ತೆ, ಇನ್ನೊಂದು ಇದೆ. ಓಪನ್ ಸೋರ್ಸ್ ಅಂತಾರೆ. ಒಳಗೆ ಏನಿದೆ ಅಂತ ಯಾರು ಬೇಕಾದ್ರೂ ನೋಡ್ಬಹುದು, ಬದಲಾಯಿಸ್ಬಹುದು."

"ಪುಕ್ಕಟೆ ಸಿಗೋದು ತಾನೆ?" ತಮ್ಮ ಕೊಂಕು ತೆಗೆದ. "ನಾಳೆ ಕೈ ಕೊಟ್ರೆ ಯಾರ ಜುಟ್ಟು ಹಿಡೀತೀಯಮ್ಮ?"

"ನನ್ನದೇ, ಮಾವ."

ಅಕ್ಕನಿಗೆ ಬೇಕಾಗಿದ್ದು ಒಂದೇ ಉತ್ತರ. "ಹೊಲಿಗೆ ಬಿಚ್ಚಿ ಮತ್ತೆ ಹೊಲೀಬಹುದಾ ಅದನ್ನ?"

"ಬಿಚ್ಚಬಹುದು. ಹೊಲಿಯೋದು ನಾವೇ ಕಲೀಬೇಕು."

"ಹಾಗಾದ್ರೆ ಕೂತ್ಕೋ."

ಸೊಸೆ ಅದನ್ನು ಕಂಪ್ಯೂಟರಿಗೆ ಹಾಕಿಕೊಂಡು ಕೂತಳು. ಅದರಲ್ಲೂ ಜೋಡಿಯ ಅಳತೆಗೆ ಒಂದೇ ಖಾನೆ ಇತ್ತು, ಅದನ್ನು ಎರಡು ಮಾಡಲು ಹೊರಟಳು. ಮೊದಲ ಪ್ರಯತ್ನದಲ್ಲಿ ಎಡಕ್ಕೊಂದು ಬಲಕ್ಕೊಂದು ಖಾನೆಯೇನೋ ಬಂದವು, ಆದರೆ ಗಿರಾಕಿಗಳ ಹೆಸರುಗಳೆಲ್ಲ ಮಂಗಮಾಯ. ತಮ್ಮನಿಗೆ ಹಬ್ಬವೋ ಹಬ್ಬ. "ಕಾಲು ಎರಡಾಯ್ತು, ಮನುಷ್ಯನೇ ಇಲ್ಲ!" ಎಂದು ಬಂದವರಿಗೆಲ್ಲ ಹೇಳಿದ.

"ನಿನ್ನ ಬಾಯಿಗೆ ಅಟ್ಟೆ ಹೊಡೀತೀನಿ ನೋಡು" ಎಂದು ಅಕ್ಕ ತಮ್ಮನ ಮೇಲೆ ಹರಿಹಾಯ್ದಳು. ಸೊಸೆಯನ್ನೂ ಬಿಡಲಿಲ್ಲ. "ಚರ್ಮ ಕೆಡಿಸಿದ ಮೇಲೆ ಅಳ್ತಾ ಕೂರೋ ಕೈ ಈ ಅಂಗಡೀಲಿ ಬೇಡ ಕಣೇ."

ಸೊಸೆ ಅಳಲಿಲ್ಲ. ಹೆಸರುಗಳ ನಕಲನ್ನು ಮೊದಲೇ ತೆಗೆದಿಟ್ಟಿದ್ದಳು. ಆ ಸಾಫ್ಟ್‌ವೇರ್ ಬಳಸುವವರು ಕಷ್ಟಸುಖ ಹೇಳಿಕೊಳ್ಳುವ ಜಾಗವೊಂದು ಇಂಟರ್ನೆಟ್ಟಿನಲ್ಲಿತ್ತು. ಅಲ್ಲಿ ತನ್ನ ಪಾಡು ಬರೆದಳು. ಮೊದಮೊದಲು ಯಾರೂ ಮಿಸುಕಲಿಲ್ಲ. ಆಮೇಲೆ ಎಲ್ಲೋ ದೂರದಲ್ಲಿ ಕೈಗವಸು ಹೊಲಿಯುವವನೊಬ್ಬ ಉತ್ತರ ಕೊಟ್ಟ. ಎಡಗೈ ಬಲಗೈ ಗೋಳು ಅವನಿಗೂ ಇತ್ತಂತೆ. ತಪ್ಪು ಎಲ್ಲಿದೆ ಎಂದು ಅವನು ತೋರಿಸಿದ, ಇವಳು ತಿದ್ದಿದಳು. ಹೆಸರುಗಳು ಮರಳಿದವು. ಚೀಟಿಯಲ್ಲಿ ಎಡ ಬಲ ಎರಡೂ ಪಕ್ಕಪಕ್ಕದಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿ ಬಂದವು.

ಅಕ್ಕ ಆ ಚೀಟಿಯನ್ನು ಎದುರಿಗಿಟ್ಟುಕೊಂಡು ಅಂಚೆಯವಳ ಬೂಟನ್ನು ತಾನೇ ಕತ್ತರಿಸಿ ಹೊಲಿದಳು. ಅಂಚೆಯವಳು ಹಾಕಿಕೊಂಡು ಬೀದಿಯ ತುದಿಯವರೆಗೂ ನಡೆದು ಬಂದಳು. "ಕಾಲಿದೆ ಅನ್ನೋದೇ ಮರ್ತೋಯ್ತು" ಎಂದು ಚೀಲ ಹೆಗಲಿಗೇರಿಸಿ ಕೆಲಸಕ್ಕೆ ಹೋದಳು. ತಮ್ಮ ತಾನೇ ಕಂಪನಿಯವನಿಗೆ ಫೋನ್ ಮಾಡಿ ಬೇಡವೆಂದ.

ಕೆಲವು ವಾರಗಳ ಮೇಲೆ ಸೊಸೆ ಕಂಪ್ಯೂಟರಿನ ಮುಂದಿನಿಂದ ದಡಬಡನೆ ಎದ್ದಳು. ಅವಳು ಮಾಡಿ ಕಳಿಸಿದ್ದ ಬದಲಾವಣೆಯನ್ನು ಆ ಸಾಫ್ಟ್‌ವೇರ್ ಮೊದಲು ಮಾಡಿದವರೇ ಒಪ್ಪಿ ಅದರಲ್ಲಿ ಸೇರಿಸಿಕೊಂಡಿದ್ದರು. ಇನ್ನು ಮುಂದೆ ಅದನ್ನು ಯಾವ ಊರಲ್ಲಿ ಹಾಕಿಕೊಂಡರೂ ಎಡಕ್ಕೊಂದು ಬಲಕ್ಕೊಂದು ಖಾನೆ.

"ಅಯ್ಯೋ, ನಮ್ಮಪ್ಪನ ವಿದ್ಯೇನ ಊರಿಗೆಲ್ಲ ಹಂಚಿಬಿಟ್ಯಲ್ಲಮ್ಮ!" ತಮ್ಮ ತಲೆಯ ಮೇಲೆ ಕೈಯಿಟ್ಟುಕೊಂಡ. "ನಾಳೆ ಎಲ್ಲರೂ ಎರಡು ಕಾಲು ಅಳೀತಾರೆ. ಅಕ್ಕ, ನೀನಾದ್ರೂ ಹೇಳೇ!"

ಅಕ್ಕ ಕೈಯಲ್ಲಿದ್ದ ಉಳಿಯನ್ನು ಕೆಳಗಿಟ್ಟಳು. ಯಾವುದೋ ಕಾಣದ ಊರಿನ ಅಂಗಡಿಯವನು ಗಿರಾಕಿಯ ಮುಂದೆ ಮಂಡಿಯೂರಿ, ಒಂದು ಪಾದ ಅಳೆದು ಏಳಹೋಗಿ, ಎರಡನೇ ಖಾನೆ ಖಾಲಿ ಇರುವುದನ್ನು ಕಂಡು ಮತ್ತೆ ಕೂರುವುದು ಅವಳ ಕಣ್ಣಿಗೆ ಕಟ್ಟಿತು. ಅಪ್ಪ ಈ ಬೀದಿ ದಾಟಿ ಹೋದವನಲ್ಲ. ಅವಳ ಎದೆ ಉಬ್ಬಿತು.

"ಅಳೀಲಿ ಬಿಡೋ. ಎಷ್ಟು ಜನರ ಹಿಮ್ಮಡಿ ಉಳಿಯುತ್ತೆ! ಅಳತೆ ಕಂಪ್ಯೂಟರ್ ಕೇಳುತ್ತೆ, ಹೊಲಿಯೋಕೆ ನಮ್ಮ ಕೈ ಎಲ್ಲಿಂದ ತರ್ತಾರೆ?" ಎಂದಳು. ಆಮೇಲೆ ಪಕ್ಕದ ಗಡಿಯಾರ ರಿಪೇರಿಯವನಿಗೂ ಕೇಳುವಷ್ಟು ದನಿ ಏರಿಸಿದಳು. "ನಮ್ಮ ಹುಡುಗಿ ಕಣ್ರೀ ಮಾಡಿದ್ದು! ನನ್ನ ಸೊಸೆ!"

ಅಷ್ಟರಲ್ಲಿ ಒಬ್ಬ ಗಿರಾಕಿ ಒಳಗೆ ಬಂದು ತನ್ನ ಬೂಟಿನ ನಂಬರ್ ಹೇಳಿದ.

"ನಂಬರ್ ಯಾರು ಕೇಳಿದ್ರು? ಕೂತ್ಕೊಳ್ಳಿ, ಎರಡೂ ಕಾಲು ತೋರ್ಸಿ" ಎಂದು ಅಕ್ಕ ಅಳತೆಪಟ್ಟಿ ಎಳೆದಳು. "ಏ ಹುಡುಗಿ, ಬರ್ಕೋ."