ಅಮ್ಮನ ಕೊನೆಯ ವೋಟು

ಅಮ್ಮ ತೀರಿಕೊಂಡಿದ್ದು ಭಾನುವಾರ ಬೆಳಗ್ಗೆ, ಚುನಾವಣೆ ಇದ್ದಿದ್ದು ಮಂಗಳವಾರ. ಇನ್ನೆರಡು ದಿನ ತಡೆದುಕೊಂಡಿದ್ದರೆ ನಾನು ಇದನ್ನೆಲ್ಲ ಹೇಳುವ ಪ್ರಮೇಯವೇ ಬರುತ್ತಿರಲಿಲ್ಲ. ಆದರೆ ನನ್ನಮ್ಮ ಹಿಲ್ಮಾ ಟಾಲೆಫ್ಸನ್ ಯಾವತ್ತು ಇನ್ನೊಬ್ಬರ ಅನುಕೂಲ ನೋಡಿ ಏನಾದರೂ ಮಾಡಿದ್ದುಂಟು? ಎಂಬತ್ತಾರು ವರ್ಷ ಅವಳು ಹಿಡಿದಿದ್ದೇ ಹಟ.

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಉತ್ತರಕ್ಕಿರುವ ಸ್ಟೋನಿ ಫೋರ್ಕ್ ನಮ್ಮೂರು. ಮುನ್ನೂರ ಚಿಲ್ಲರೆ ವೋಟು. ಇಪ್ಪತ್ತೆರಡು ವರ್ಷದಿಂದ ಮತಗಟ್ಟೆಯ ಮುಖ್ಯಸ್ಥೆ ನಾನೇ, ಆರ್ಡಿಸ್. ಮಿಕ್ಕ ದಿನಗಳಲ್ಲಿ ಶಾಲೆಯ ಬಸ್ಸು ಓಡಿಸುತ್ತೇನೆ. ಎರಡು ಕೆಲಸಕ್ಕೂ ಜೋರು ಬಾಯಿ ಬೇಕು, ಅದು ನನಗೆ ದೇವರು ಧಾರಾಳವಾಗಿ ಕೊಟ್ಟಿದ್ದಾನೆ.

ಆ ವರ್ಷ ಅಧ್ಯಕ್ಷ ಪದವಿಗೆ ನಿಂತ ಇಬ್ಬರ ಮುಖ ಕಂಡರೆ ಜನಕ್ಕೆ ಆಗುತ್ತಿರಲಿಲ್ಲ. ಒಬ್ಬ ಗವರ್ನರ್, ಇನ್ನೊಬ್ಬ ಸೆನೆಟರ್. ಮನೆ ಮುಂದೆ ಅವರ ಹೆಸರಿನ ಫಲಕ ನೆಟ್ಟವರು ಕೂಡ ಏನೋ ಒಂದು ನೆಪ ಹೇಳಿಕೊಂಡೇ ನೆಟ್ಟಿದ್ದರು. ನಮ್ಮ ಮನೆಗೆ ಮಾತ್ರ ಅದು ಬರೀ ರಾಜಕೀಯವಾಗಿರಲಿಲ್ಲ. ನನ್ನ ತಮ್ಮ ಲೈಲ್‌ನ ಹೆಂಡತಿ ಕೊರಿನ್‌ಗೆ ರಕ್ತದ ಕ್ಯಾನ್ಸರ್. ಅವಳ ಔಷಧಿಗೆ ಸರ್ಕಾರದ ವಿಮೆಯೊಂದೇ ಗತಿ. ಗೆದ್ದರೆ ಆ ವಿಮೆಯನ್ನು ಕಿತ್ತುಹಾಕುತ್ತೇನೆ ಎಂದು ಗವರ್ನರ್ ಹೋದಲ್ಲೆಲ್ಲ ಕೂಗುತ್ತಿದ್ದ. ಹಾಗಾದರೆ ಸೆನೆಟರ್‌ಗೆ ಹಾಕಿದರಾಯಿತು ಎನ್ನಬಹುದು. ಆದರೆ ನನ್ನ ಮಗ ಕೀತ್‌ನನ್ನು ನುಂಗಿದ ಯುದ್ಧಕ್ಕೆ ಸೈ ಎಂದು ಕೈಯೆತ್ತಿದವನು ಅದೇ ಸೆನೆಟರ್. ಕೀತ್‌ಗೆ ಹತ್ತೊಂಬತ್ತು ತುಂಬಿ ನಾಲ್ಕು ತಿಂಗಳಾಗಿತ್ತು. ಶವದ ಪೆಟ್ಟಿಗೆ ತೆರೆದು ನೋಡಬೇಡಿ ಎಂದು ಸೇನೆಯವರು ಹೇಳಿ ಕಳಿಸಿದ್ದರು. ನಾವು ನೋಡಲಿಲ್ಲ.

ಮೂರನೆಯವನೊಬ್ಬನಿದ್ದ. ಯಾವುದೋ ಸಣ್ಣ ಪಕ್ಷದ ಮೇಷ್ಟ್ರು. ಯುದ್ಧ ಸಾಕು ಎನ್ನುತ್ತಿದ್ದ. ಗೆಲ್ಲುವ ಮಾತು ಹಾಗಿರಲಿ, ಟಿವಿಯವರು ಅವನ ಹೆಸರು ಹೇಳುವಾಗಲೇ ನಗುತ್ತಿದ್ದರು. ಸೆಪ್ಟೆಂಬರಿನಲ್ಲಿ ಒಂದು ಭಾನುವಾರ ಎಲ್ಲರೂ ಊಟಕ್ಕೆ ಕೂತಿದ್ದಾಗ ಅಮ್ಮ, "ನಾನು ಆ ಮೇಷ್ಟ್ರಿಗೇ ಹಾಕೋದು" ಎಂದುಬಿಟ್ಟಳು.

ಲೈಲ್ ಚಮಚ ಕೆಳಗಿಟ್ಟ. "ವೋಟನ್ನ ಹೊಳೆಗೆ ಎಸೀತೀಯೇನಮ್ಮಾ?"

"ನನ್ನ ವೋಟು ಕಣೋ. ಹೊಳೆಗಾದ್ರೂ ಎಸೀತೀನಿ, ಒಲೆಗಾದ್ರೂ ಹಾಕ್ತೀನಿ. ನಿಂಗೇನು?"

"ಹೋದ ಸಲ ಲೆಕ್ಕ ಹಾಕಿದ್ರೆ ಒಂದೊಂದು ಊರಿಗೆ ಹತ್ತೋ ಹನ್ನೆರಡೋ ವೋಟಲ್ಲಿ ಇಡೀ ರಾಜ್ಯ ತಿರುಗಿಬಿಡ್ತು. ನೀನು ಮೇಷ್ಟ್ರಿಗೆ ಹಾಕೋದೂ ಒಂದೇ, ಗವರ್ನರ್‌ಗೆ ಹಾಕೋದೂ ಒಂದೇ."

"ಅರವತ್ತು ವರ್ಷ ಇದನ್ನೇ ಕೇಳಿದೀನಿ. ಇವನು ಕೆಟ್ಟೋನು, ಅವನು ಇನ್ನೂ ಕೆಟ್ಟೋನು, ಹೋಗ್ಲಿ ಇವನಿಗೇ ಹಾಕು ಅಂತ. ಮನಸ್ಸಿಲ್ಲದ ಮನಸ್ಸಿಂದ ಹಾಕಿ ಹಾಕಿ ಏನು ಬಂತು? ಕೀತ್ ಪೆಟ್ಟಿಗೇಲಿ ಬಂದ."

"ಕೀತ್ ಹೋಗಿ ಆಯ್ತಮ್ಮ," ಎಂದ ಲೈಲ್. "ಕೊರಿನ್ ಇನ್ನೂ ಇದಾಳೆ."

ಕೊರಿನ್ ತಲೆಗೆ ಕಟ್ಟಿದ್ದ ಬಟ್ಟೆಯನ್ನು ಸರಿಮಾಡಿಕೊಂಡು ತಟ್ಟೆ ನೋಡುತ್ತ ಕೂತಳು. ಲೈಲ್ ನನ್ನ ಕಡೆ ತಿರುಗಿ, "ಅಕ್ಕಾ, ತಪ್ಪು ತಿಳ್ಕೋಬೇಡ" ಎಂದ.

ಅವನ ಕಪಾಳಕ್ಕೆ ಬಾರಿಸೋಣ ಅನ್ನಿಸಿತು. ಆದರೂ ಅವನು ಹೇಳಿದ್ದು ಸುಳ್ಳಾಗಿರಲಿಲ್ಲವಲ್ಲ. "ತಪ್ಪೇನಿದೆ ಬಿಡು. ನಾನು ಸೆನೆಟರ್‌ಗೇ ಹಾಕ್ತೀನಿ, ಕೊರಿನ್‌ಗೋಸ್ಕರ. ಮಾತು ಕೊಟ್ಟೆ" ಎಂದೆ. ಅಮ್ಮ ನನ್ನನ್ನು ನೋಡಿ ಊಟ ಮುಂದುವರಿಸಿದಳು.

ಅಮ್ಮನ ಸೊಂಟದ ಮೂಳೆ ಮುರಿದು ನಡೆಯಲಾಗುತ್ತಿರಲಿಲ್ಲ. ಹಾಗಾಗಿ ಅಕ್ಟೋಬರಿನಲ್ಲಿ ಅವಳ ಮತಪತ್ರ ಅಂಚೆಯಲ್ಲಿ ಬಂತು. ಹಾಗೆ ಮನೆಯಲ್ಲೇ ವೋಟು ಹಾಕುವವರಿಗೆ ನಮ್ಮಲ್ಲಿ ಒಬ್ಬ ಸಾಕ್ಷಿ ಬೇಕು. ಸಾಕ್ಷಿ ಎದುರಿಗೇ ಇರಬೇಕು, ಯಾರಿಗೆ ಹಾಕಿದರು ಎಂದು ಮಾತ್ರ ನೋಡಕೂಡದು. ಅಮ್ಮ ನನ್ನನ್ನು ಅಡುಗೆಮನೆಯ ಕಿಟಕಿಯ ಕಡೆ ಮುಖ ಮಾಡಿ ನಿಲ್ಲಿಸಿದಳು.

"ಕದ್ದು ನೋಡಿದ್ರೆ ಕಿವಿ ಹಿಂಡ್ತೀನಿ."

"ಅಮ್ಮಾ, ನಂಗೆ ಅರವತ್ತಮೂರು."

"ಕಿವಿ ಇನ್ನೂ ಇದೆಯಲ್ಲ."

ಕಾಗದದ ಮೇಲೆ ಪೆನ್ನು ಸರಪರ ಎನ್ನತೊಡಗಿತು. ಆಮೇಲೆ ನಿಂತಿತು. ಎಷ್ಟು ಹೊತ್ತು ನಿಂತಿತೆಂದರೆ, ಅಮ್ಮ ಕೂತಲ್ಲೇ ತೂಕಡಿಸಿದಳೇನೋ ಅಂದುಕೊಂಡೆ. ಕೊನೆಗೆ ಮತ್ತೆ ಸರಪರ. ನಾನು ತಿರುಗುವಷ್ಟರಲ್ಲಿ ಲಕೋಟೆಯ ಅಂಚಿಗೆ ನಾಲಿಗೆ ಸವರಿ ಅಂಟಿಸುತ್ತಿದ್ದಳು.

"ಯಾರಿಗಮ್ಮ ಹಾಕಿದ್ದು?"

"ಸಾಕ್ಷಿಗೆ ಅದೆಲ್ಲ ಯಾಕೆ? ಸುಮ್ನೆ ಸೈನ್ ಹಾಕು." ಆಮೇಲೆ ತನ್ನ ಬಲಗೈಯನ್ನೇ ನೋಡಿಕೊಂಡು, "ಈ ಸಲ ಕೈ ನಡುಗಲಿಲ್ಲ ನೋಡು" ಎಂದಳು.

ಅದಾಗಿ ಮೂರು ವಾರಕ್ಕೆ, ಅದೇ ಕುರ್ಚಿಯಲ್ಲಿ, ಕಾಫಿ ಬಟ್ಟಲು ಎದುರಿಗೆ ಇಟ್ಟುಕೊಂಡೇ ಹೋಗಿಬಿಟ್ಟಳು.

ಮಂಗಳವಾರ ನಾನು ಕೆಲಸಕ್ಕೆ ಹೋದೆ. ಮನೆಯಲ್ಲಿ ಕೂತರೆ ಹುಚ್ಚು ಹಿಡಿಯುತ್ತಿತ್ತು. ಮತಗಟ್ಟೆಯಲ್ಲಿ ನನ್ನ ಜೊತೆ ಇನ್ನಿಬ್ಬರು: ಗವರ್ನರ್ ಕಡೆಯ ಡ್ವೇನ್ ಕ್ರೌಸ್, ಸೆನೆಟರ್ ಕಡೆಯ ಫಿಲ್ಲಿಸ್. ಇವತ್ತು ಚಳಿ ಇದೆಯೋ ಇಲ್ಲವೋ ಎನ್ನುವುದಕ್ಕೂ ಕಿತ್ತಾಡುವ ಜೋಡಿ. ಮಧ್ಯಾಹ್ನ ಜನ ಕಡಿಮೆಯಾದಾಗ ಅಂಚೆಯ ಲಕೋಟೆಗಳನ್ನು ತೆಗೆದುಕೊಂಡೆವು. ಒಂದೊಂದರ ಹೆಸರನ್ನೂ ಗಟ್ಟಿಯಾಗಿ ಓದಬೇಕು, ಪಟ್ಟಿಯಲ್ಲಿ ಗುರುತು ಹಾಕಬೇಕು, ಒಡೆದು ಒಳಗಿನ ಪತ್ರವನ್ನು ಎಣಿಕೆಯ ಯಂತ್ರಕ್ಕೆ ಕೊಡಬೇಕು. ಏಳನೆಯದು ಕೈಗೆ ಬಂತು. ಅಮ್ಮನ ದುಂಡು ಅಕ್ಷರ, ಕೆಳಗೆ ನನ್ನದೇ ಸಾಕ್ಷಿಯ ಸಹಿ.

ಚುನಾವಣೆಯ ದಿನಕ್ಕಿಂತ ಮುಂಚೆ ಸತ್ತವರ ವೋಟನ್ನು ನಾವು ಎಣಿಸುವಂತಿಲ್ಲ. ಲಕೋಟೆಯನ್ನು ಒಡೆಯದೆ ಪಕ್ಕಕ್ಕಿಡಬೇಕು. ಮೂವರಿಗೂ ಅದು ಗೊತ್ತಿತ್ತು.

ಡ್ವೇನ್ ಗಂಟಲು ಸರಿಮಾಡಿಕೊಂಡ. "ಪೇಪರ್‌ನಲ್ಲಿ ಸುದ್ದಿ ಇನ್ನೂ ಬಂದಿಲ್ಲ ಆರ್ಡಿಸ್. ಯಾರು ಕೇಳ್ತಾರೆ? ಹಾಕ್ಬಿಡಮ್ಮ ಮೆಷಿನ್‌ಗೆ."

"ಹೌದು ಕಣೇ, ಹಾಕು," ಎಂದಳು ಫಿಲ್ಲಿಸ್, ಮೂಗು ಒರೆಸಿಕೊಳ್ಳುತ್ತ.

ಅವರಿಬ್ಬರೂ ಒಂದೇ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಹಾಕಿಬಿಡೋಣ ಅಂತ ನನ್ನ ಜೀವವೂ ಒದ್ದಾಡಿತು. ಅರವತ್ತು ವರ್ಷದಲ್ಲಿ ಅವಳು ಮನಸಾರೆ ಹಾಕಿದ ವೋಟು ಇದೊಂದೇ ಇದ್ದೀತು. ಇದೂ ಮಣ್ಣುಪಾಲಾಗಬೇಕಾ? ಆದರೆ ನಾಲ್ಕು ವರ್ಷದ ಹಿಂದೆ ಡ್ವೇನ್‌ನ ಅಪ್ಪ ಚುನಾವಣೆಯ ಹಿಂದಿನ ದಿನ ಸತ್ತಾಗ ಅವರ ಲಕೋಟೆಯನ್ನು ಪಕ್ಕಕ್ಕಿಟ್ಟವಳು ನಾನೇ. ಆಗ ಇದೇ ಮೇಜಿನ ಮುಂದೆ ಇದೇ ಡ್ವೇನ್ ತುಟಿ ಪಿಟಕ್ಕೆನ್ನದೆ ಕೂತಿದ್ದ.

"ನಿಮ್ಮಪ್ಪಂದು ಪಕ್ಕಕ್ಕಿಟ್ಟು ನಮ್ಮಮ್ಮಂದು ಹೇಗೆ ಹಾಕಲೋ?" ಎಂದೆ. ಅವನೇ ಪೆನ್ನು ನನ್ನ ಕಡೆ ಸರಿಸಿದ. ಲಕೋಟೆಯ ಮೇಲೆ "ತಿರಸ್ಕೃತ, ಮತದಾರರು ಮೃತರು" ಎಂದು ಬರೆದು, ಸಾಕ್ಷಿಯ ಸಹಿಯ ಕೆಳಗೆ ಇನ್ನೊಂದು ಸಹಿ ಹಾಕಿದೆ.

ನಾನಿನ್ನೂ ವೋಟು ಹಾಕಿರಲಿಲ್ಲ. ನಾಲ್ಕು ಗಂಟೆಗೆ ನನ್ನ ಮತಪತ್ರ ತೆಗೆದುಕೊಂಡು ಮರೆಗೆ ಹೋದೆ. ಸೆನೆಟರ್ ಹೆಸರಿನ ಮುಂದಿನ ಖಾಲಿ ವೃತ್ತದ ಮೇಲೆ ಪೆನ್ನು ಇಟ್ಟೆ. ಕೊರಿನ್‌ಳ ಮುಖ ನೆನೆಸಿಕೊಂಡೆ, ಕೊಟ್ಟ ಮಾತು ನೆನೆಸಿಕೊಂಡೆ. ಪೆನ್ನು ಅಲ್ಲೇ ನಿಂತಿತು, ಅವತ್ತು ಅಮ್ಮನದು ನಿಂತ ಹಾಗೆ. ಆಮೇಲೆ ಅದನ್ನು ಎತ್ತಿ ಕೆಳಗೆ ತಂದು ಮೇಷ್ಟ್ರ ವೃತ್ತವನ್ನು ತುಂಬಿದೆ. ಇದನ್ನು ಧೈರ್ಯ ಅನ್ನಬೇಡಿ. ಅಮ್ಮನ ವೋಟನ್ನು ನನ್ನ ಕೈಯಾರೆ ಕೊಂದಿದ್ದೆ, ಅದನ್ನು ಹೇಗಾದರೂ ಬದುಕಿಸಬೇಕಾಗಿತ್ತು, ಅಷ್ಟೇ.

ಬುಧವಾರ ಬೆಳಗ್ಗೆ ಅಮ್ಮನ ನೀಲಿ ಉಡುಪನ್ನು ಶವಸಂಸ್ಕಾರದವರಿಗೆ ಕೊಡಲು ಲೈಲ್‌ನ ಟ್ರಕ್ಕಿನಲ್ಲಿ ಹೊರಟೆವು. ರಾಜ್ಯದ ಎಣಿಕೆ ಇನ್ನೂ ಮುಗಿದಿರಲಿಲ್ಲ. ದಾರಿಯಲ್ಲಿ ಮತಗಟ್ಟೆಯ ಮುಂದೆ ಅವನೇ ಟ್ರಕ್ಕು ನಿಲ್ಲಿಸಿದ, ಇಬ್ಬರೂ ಇಳಿದೆವು. ಬಾಗಿಲ ಗಾಜಿಗೆ ಊರಿನ ಫಲಿತಾಂಶ ಅಂಟಿಸಿದ್ದೆವು. ಗವರ್ನರ್ 171. ಸೆನೆಟರ್ 139. ಮೇಷ್ಟ್ರು 1.

ಲೈಲ್ ಆ ಒಂದರ ಮೇಲೆ ಬೆರಳಿಟ್ಟ. "ಹಾಕೇಬಿಟ್ಲು ಅಲ್ವಾ? ಊರಲ್ಲೆಲ್ಲ ಇವಳೊಬ್ಬಳೇ. ಕೊರಿನ್ ಇವಳ ಎದುರಿಗೇ ಕೂತು ಉಣ್ತಿದ್ಲು. ಅದನ್ನ ನೋಡಿನೂ ಹಾಕೇಬಿಟ್ಲು." ಗಾಜಿನಿಂದ ಬೆರಳು ತೆಗೆದ. "ನಾಳೆ ನಾನು ಪೆಟ್ಟಿಗೆ ಹೊರಲ್ಲ ಅಕ್ಕಾ. ಬೇರೆ ಯಾರನ್ನಾದ್ರೂ ಕರ್ಕೋ."

ಸುಮ್ಮನಿದ್ದುಬಿಡಬಹುದಿತ್ತು. ಸತ್ತವಳು ಎದ್ದು ಬಂದು ಇಲ್ಲ ಅನ್ನುತ್ತಾಳಾ? ಒಂದು ಗಳಿಗೆ, ದೇವರಾಣೆ, ನಾನು ಸುಮ್ಮನೇ ಇದ್ದೆ. ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದ ನೀಲಿ ಉಡುಪು ಈಗ ತೋಳಿನ ಮೇಲಿತ್ತು. ಅದರಲ್ಲಿ ಇನ್ನೂ ಅವಳ ಸೋಪಿನ ವಾಸನೆ.

"ಅದು ಅಮ್ಮಂದಲ್ಲ ಕಣೋ."

"ಮತ್ತೆ ಯಾರದ್ದು?"

"ಅಮ್ಮನ ಲಕೋಟೆ ಒಡೆದಿಲ್ಲ. ಮುಂಚೆ ಸತ್ತವರದ್ದು ಎಣಿಸೋ ಹಾಗಿಲ್ಲ, ನಾನೇ ಪಕ್ಕಕ್ಕಿಟ್ಟೆ. ಆ ಒಂದು ನಂದು."

ಅವನು ನನ್ನನ್ನು ಗುರುತೇ ಇಲ್ಲದವಳ ಹಾಗೆ ನೋಡಿದ. "ಮಾತು ಕೊಟ್ಟಿದ್ದೆ ನೀನು."

"ಕೊಟ್ಟಿದ್ದೆ."

ಹೋಗಿ ಟ್ರಕ್ಕಿನಲ್ಲಿ ಕೂತ. ನನ್ನನ್ನು ಅಲ್ಲೇ ಬಿಟ್ಟು ಹೋಗುತ್ತಾನೆ ಅಂದುಕೊಂಡೆ, ಹೋಗಲಿಲ್ಲ. ನಾನು ಪಕ್ಕದಲ್ಲಿ ಕೂತೆ. ಟ್ರಕ್ಕು ಶುರು ಮಾಡದೆ ಕೇಳಿದ, "ಹಾಗಾದ್ರೆ ಅಮ್ಮ ಯಾರಿಗೆ ಹಾಕಿದ್ಲು?"

"ಗೊತ್ತಿಲ್ಲ. ಇನ್ನು ಯಾರಿಗೂ ಗೊತ್ತಾಗಲ್ಲ."

"ಕೊನೆಗೆ ಮನಸ್ಸು ಬದಲಾಯಿಸಿರಬಹುದು ಅಲ್ವಾ ಅಕ್ಕಾ? ಕೊರಿನ್‌ಗೋಸ್ಕರ?"

ನಡುಗಲಿಲ್ಲ ನೋಡು ಎಂದು ಅಮ್ಮ ತೋರಿಸಿದ ಕೈ ನನ್ನ ಕಣ್ಣ ಮುಂದೆ ಬಂತು. ಅದನ್ನು ಅವನಿಗೆ ಹೇಳಲಿಲ್ಲ. "ಪೆನ್ನು ತುಂಬಾ ಹೊತ್ತು ನಿಂತಿತ್ತು ಕಣೋ," ಎಂದೆ. ಅದೂ ನಿಜವೇ.

ಅವನು ಸ್ಟೇರಿಂಗಿಗೆ ಹಣೆ ಒತ್ತಿ ಅತ್ತ. ಅತ್ತು ಮುಗಿಸಿ ತೋಳಿನಿಂದ ಮುಖ ಒರೆಸಿಕೊಂಡು, "ನಾಳೆ ನಾನೇ ಹೊರ್ತೀನಿ. ನಿನ್ನ ಜೊತೆ ಮಾತ್ರ ಮಾತಾಡಲ್ಲ" ಎಂದ.

ಗುರುವಾರ ಅಮ್ಮನ ಪೆಟ್ಟಿಗೆಯ ಮುಂದಿನ ಹಿಡಿಯನ್ನು ಅವನೇ ಹಿಡಿದ. ಅಷ್ಟರಲ್ಲಿ ನಮ್ಮ ರಾಜ್ಯ, ಅದರ ಜೊತೆ ಅಧ್ಯಕ್ಷ ಪದವಿಯೂ, ಗವರ್ನರ್ ಪಾಲಾಗಿತ್ತು, ಒಂದು ವೋಟಿನಿಂದಲ್ಲ, ಸಾವಿರಾರು ವೋಟಿನಿಂದ. ಹಾಗೆಂದು ನನಗೆ ನಾನೇ ದಿನಾ ಹೇಳಿಕೊಳ್ಳುತ್ತೇನೆ. ಕೊರಿನ್ ಆಗಾಗ ಫೋನ್ ಮಾಡುತ್ತಾಳೆ. ವಿಮೆಯ ಔಷಧಿ ಮಾರ್ಚ್‌ವರೆಗೆ ಸಿಗುತ್ತದಂತೆ. ಲೈಲ್ ಆಡಿದ ಮಾತನ್ನು ಉಳಿಸಿಕೊಂಡಿದ್ದಾನೆ.