ನಲವತ್ತೊಂದು ಫ್ರೇಮುಗಳಲ್ಲಿ ಅಮ್ಮ

ಆ ಕೊಲೆಯ ಸಿನಿಮಾವನ್ನು ಎಷ್ಟು ಸಲ ನೋಡಿದ್ದೇನೋ, ಕೊಲೆಗಾರ ಯಾರೆಂಬುದು ಮಾತ್ರ ಈಗಲೂ ಮರೆತುಹೋಗುತ್ತದೆ. ನನಗೆ ಬೇಕಾದದ್ದು ಅವನಲ್ಲ. ಐವತ್ತೆರಡನೆಯ ನಿಮಿಷದಲ್ಲಿ ನಾಯಕಿ ಮರದ ಬೀರುವಿನ ಬಾಗಿಲು ತೆರೆಯುತ್ತಾಳೆ. ಒಳಗೆ ವಜ್ರದ ವ್ಯಾಪಾರಿಯ ಹೆಣ. ಎಲ್ಲರೂ ಹೆಣವನ್ನು ನೋಡುತ್ತಾರೆ, ನಾನು ಮೂಲೆಯ ಕನ್ನಡಿಯನ್ನು. ಬಾಗಿಲ ಹಿಂದೆ ಮುದುಡಿ ಕೂತ ಒಬ್ಬ ಹೆಂಗಸು ಅದರಲ್ಲಿ ಎರಡು ಸೆಕೆಂಡೂ ಇಲ್ಲದಷ್ಟು ಹೊತ್ತು ಕಾಣುತ್ತಾಳೆ. ಅವಳು ನನ್ನ ಅಮ್ಮ.

ಅಮ್ಮ ಆ ಚಿತ್ರತಂಡಕ್ಕೆ ಬಟ್ಟೆ ಹೊಲಿಯುತ್ತಿದ್ದಳು. ತೀರಿಕೊಂಡಾಗ ನನಗೆ ಎರಡು ವರ್ಷ. ಸಾಕಿದ ಚಿಕ್ಕಮ್ಮ, ಊಟಕ್ಕೆ ಕೂತಾಗಲೆಲ್ಲ, ಅಕ್ಕನಿಂದ ಕೇಳಿದ ಒಳಗುಟ್ಟುಗಳನ್ನೇ ನನಗೆ ಬಡಿಸಿದವಳು.

“ಸಿನಿಮಾದ ಇನ್ಸ್‌ಪೆಕ್ಟರ್‌ದು ಏನು ಗತ್ತು ಅಂತ ಪೇಪರ್‌ನೋರು ಹಾಡಿ ಹೊಗಳಿದ್ರು ಕಣೇ. ಗತ್ತೂ ಇಲ್ಲ ಮಣ್ಣೂ ಇಲ್ಲ. ಟೋಪಿ ಚಿಕ್ಕದು, ಬಗ್ಗಿದ್ರೆ ಬಿದ್ದೋಗ್ತಿತ್ತು, ಅದಕ್ಕೇ ಸೆಟೆದು ನಿಂತಿದ್ದ!”

“ಹೆಣದ ಕತೆ ಹೇಳು.”

“ರಕ್ತಕ್ಕೆ ಸಕ್ಕರೆ ಪಾಕ ಹಾಕಿದ್ರಲ್ಲ, ಇರುವೆ ಬಂತು. ಹೆಣ ಎದ್ದು ಕುಣೀತು! ನಿಮ್ಮಮ್ಮ ನಕ್ಕೂ ನಕ್ಕೂ ಬಾಯಲ್ಲಿದ್ದ ಸೂಜಿ ನುಂಗೋದೊಂದು ಬಾಕಿ.” ಆಮೇಲೆ ದನಿ ತಗ್ಗುತ್ತಿತ್ತು. “ಅಷ್ಟು ಖುಷಿಯಾಗಿದ್ದೋಳು, ಆ ಸಿನಿಮಾ ಮುಗಿದ್ಮೇಲೆ ಮತ್ತೆ ಆ ಕಡೆ ತಲೆ ಹಾಕ್ಲಿಲ್ಲ. ಯಾಕೇ ಅಂದ್ರೆ ಬಾಯಿ ಬಿಡ್ಲಿಲ್ಲ.”

ಪದವಿ ಮುಗಿಸಿದ ನಾನು ಹಳೆಯ ಸಿನಿಮಾಗಳನ್ನು ಶುಚಿಮಾಡುವ ಒಂದು ಸಣ್ಣ ಕಚೇರಿಗೆ ಸೇರಿದೆ. ಸೆಕೆಂಡಿಗೆ ಇಪ್ಪತ್ತನಾಲ್ಕರಂತೆ ಓಡುವ ಬಿಡಿಚಿತ್ರಗಳಲ್ಲಿ ಒಂದೊಂದೇ ಫ್ರೇಮನ್ನು ಪರದೆಗೆ ತಂದು ಗೀರು, ಕಲೆ, ಬೂಷ್ಟು ಒರೆಸುವುದು ಕೆಲಸ. ಕಿಟಕಿಗಳಿಗೆ ಕಪ್ಪು ಬಟ್ಟೆ; ನಡುಮಧ್ಯಾಹ್ನವೂ ನೀರಿನಡಿ ಕೂತ ಹಾಗೆ. ಯಾರೊಡನೆಯೂ ಮಾತಾಡಬೇಕಿಲ್ಲವೆಂದೇ ನನಗದು ಇಷ್ಟ.

ಒಂದು ದಿನ ಆ ಸಿನಿಮಾವೇ ಬಂತು. ಜೊತೆಗೆ, ಅಳಿಸಬೇಕಾದ ತಪ್ಪುಗಳ ಪಟ್ಟಿ, ಅದರ ಛಾಯಾಗ್ರಾಹಕರ ನಡುಗುವ ಕೈಬರಹದಲ್ಲಿ. ಒಂಬತ್ತನೆಯದು: ‘ಕನ್ನಡಿಯಲ್ಲಿ ದರ್ಜಿ ಹೆಂಗಸು. ತೆಗೆಯಿರಿ.’

“ಇದು ನಿಂಗೆ,” ಎಂದರು ಕಚೇರಿಯ ಯಜಮಾನರು. “ನಲವತ್ತೊಂದೇ ಫ್ರೇಮು. ಹಿಂದಿನ ಗೋಡೆ ಬಣ್ಣ ಎಳೆದು ಮುಚ್ಚಿಬಿಡು. ಶುಕ್ರವಾರ ಅವ್ರೇ ನೋಡೋಕೆ ಬರ್ತಾರೆ.”

ಬಾಯಿ ತೆರೆದೆ. “ಆಯ್ತು ಸಾರ್” ಎಂಬುದಷ್ಟೇ ಬಂತು. ಈ ಲೋಕದಲ್ಲಿ ಅಮ್ಮ ಅಲುಗಾಡುವುದು ಅದೊಂದೇ ಕಡೆ. ಅದನ್ನು ನನ್ನ ಕೈಯಾರೆ ಅಳಿಸಲು ಒಪ್ಪಿಕೊಂಡಿದ್ದೆ.

“ಹೇಳೋಕೇನು ದಾಡಿ ನಿಂಗೆ?” ಎಂದಳು ಚಿಕ್ಕಮ್ಮ, ರಾತ್ರಿ ಊಟಕ್ಕೆ ಕೂತಾಗ. “ಬಾಯಿಗೆ ಬೀಗ ಹಾಕ್ಕೊಂಡೇ ಹುಟ್ಟಿದ್ಯಾ?”

ಮೂರು ದಿನ ನಾನು ಏನನ್ನೂ ಅಳಿಸಲಿಲ್ಲ, ಬರೀ ನೋಡಿದೆ. ಮೊದಲ ಫ್ರೇಮಿನಲ್ಲಿ ಒಂದು ಕಿವಿ. ಏಳನೆಯದರಲ್ಲಿ ಕೆನ್ನೆ. ಹತ್ತೊಂಬತ್ತರಲ್ಲಿ ಅವಳು ತಲೆ ಎತ್ತತೊಡಗುತ್ತಾಳೆ. ಒಂದರಿಂದ ಇನ್ನೊಂದಕ್ಕೆ ಹೋಗಲು ಅರ್ಧ ಗಂಟೆ ತೆಗೆದುಕೊಂಡೆ. ಅಷ್ಟು ನಿಧಾನವಾಗಿ ಯಾವ ತಾಯಿಯೂ ಮಗಳತ್ತ ತಿರುಗಿರಲಾರಳು. ಕೋಣೆಯ ಕತ್ತಲು ಕನ್ನಡಿಯ ಕತ್ತಲಿಗೆ ಬೆರೆತು, ಬಾಗಿಲ ಹಿಂದೆ ಕೂತವರು ನಮ್ಮಿಬ್ಬರಲ್ಲಿ ಯಾರೆಂದು ತಿಳಿಯದಾಗುತ್ತಿತ್ತು.

ಕನ್ನಡಿಯ ಹೊರಗಿದ್ದ ಅಮ್ಮನ ಹೆಬ್ಬೆರಳು ಕಂಡದ್ದು ಮೂರನೆಯ ದಿನ. ಬೀರುವಿನ ಬಾಗಿಲಿನ ಅಂಚನ್ನು ಅದು ಉಗುರು ಬೆಳ್ಳಗಾಗುವಷ್ಟು ಒತ್ತಿ ಹಿಡಿದಿತ್ತು.

ಶುಕ್ರವಾರ ಛಾಯಾಗ್ರಾಹಕರು ಕೋಲೂರಿಕೊಂಡು ಬಂದರು. ಪರದೆ ನೋಡಿ ಸಿಡುಕಿದರು. “ಇನ್ನೂ ಇಲ್ಲೇ ಇದಾಳಲ್ರೀ! ಎಲ್ಲಿಂದಲೋ ನುಗ್ಗಿ ನನ್ನ ಶಾಟ್ ಕೆಡಿಸಿದ್ಲು. ಇಪ್ಪತ್ತೈದು ವರ್ಷದಿಂದ ಜನ ಆಡ್ಕೊಂಡು ನಗ್ತಿದಾರೆ.”

ಯಜಮಾನರು ನನ್ನತ್ತ ಕಣ್ಣು ಕೆಕ್ಕರಿಸಿದರು.

“ನುಗ್ಗಿಲ್ಲ ಸಾರ್.” ದನಿ ನನ್ನದೇ ಎಂದು ತಿಳಿಯಲು ಕ್ಷಣ ಹಿಡಿಯಿತು. “ಬಾಗಿಲು ಹಿಡ್ಕೊಂಡಿದಾರೆ. ಇಲ್ಲಿ, ಹೆಬ್ಬೆರಳು ನೋಡಿ. ಅವರು… ನಮ್ಮಮ್ಮ.”

ಅವರು ಕನ್ನಡಕ ಏರಿಸಿ ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಗ್ಗಿದರು.

“ಮುಂದೆ ಓಡ್ಸಮ್ಮ. ನಿಧಾನ.”

ಅಮ್ಮನ ತುಟಿಗಳು ಬಿಚ್ಚಿದವು, ಮುಚ್ಚಿದವು, ಮತ್ತೆ ಬಿಚ್ಚಿದವು.

“ಆ ದರಿದ್ರ ಬಾಗಿಲು ತೆರೆದ್ರೆ ನಿಲ್ತಾನೇ ಇರ್ಲಿಲ್ಲ,” ಎಂದರು ಛಾಯಾಗ್ರಾಹಕರು. “ಹತ್ರ ಇದ್ದೋಳು ಇವಳು. ಹಿಡ್ಕೋ ಅಂದೋನು ನಾನೇ.”

“ಏನೋ ಹೇಳ್ತಿದಾರೆ ಸಾರ್.”

“‘ಸಾರ್, ಕನ್ನಡಿ’ ಅಂತಿದಾಳೆ, ಅದರಲ್ಲಿ ತಾನು ಕಾಣ್ತೀನಿ ಅಂತ. ‘ಸುಮ್ನಿರಮ್ಮ, ಕ್ಯಾಮೆರಾ ಓಡ್ತಿದೆ’ ಅಂತ ಗದರಿದೆ. ಆಮೇಲೆ ಎಲ್ಲರ ಮುಂದೆ ತಪ್ಪನ್ನ ಅವಳ ತಲೆಗೇ ಕಟ್ಟಿದೆ.”

“ಹಾಗಾದ್ರೆ… ತೆಗೆಯೋದಾ ಸಾರ್?” ಎಂದರು ಯಜಮಾನರು.

ಛಾಯಾಗ್ರಾಹಕರು ಪಟ್ಟಿ ಎಳೆದುಕೊಂಡು, ಒಂಬತ್ತನೆಯ ಸಾಲು ಹೊಡೆದುಹಾಕಿ, ಮೇಲೆ ಬರೆದರು: ‘ಛಾಯಾಗ್ರಾಹಕನ ತಪ್ಪು. ಇರಲಿ.’

ಆಮೇಲೆ ಕುರ್ಚಿ ಎಳೆದು ನನ್ನ ಪಕ್ಕ ಕೂತರು. ನಾನು ಮತ್ತೆ ಓಡಿಸಿದೆ. ಅಮ್ಮ ತಲೆ ಎತ್ತಿದಳು, ಹೇಳಬೇಕಾದದ್ದನ್ನು ಹೇಳಿದಳು. ಈ ಸಲ ಅವಳನ್ನು ಯಾರೂ ಗದರಲಿಲ್ಲ.